ಟ್ಯೂಬ್ ಆಚೆ ಬಂದರೂ ಪ್ರೆಶರ್ ಅಲಾರಂ ಯಾಕೆ ಹೊಡೆಯಲಿಲ್ಲ?

ಪ್ರಶ್ನೆ: ನಾನು ಬಿ.ಎಸ್ಸಿ. ಅನಸ್ತೇಷಿಯಾ ಮತ್ತು ಆಪರೇಷನ್ ಥಿಯೇಟರ್ ಟೆಕ್ನಾಲಜಿ ಮೂರನೇ ವರ್ಷದ ವಿದ್ಯಾರ್ಥಿನಿ. ಹೋದ ತಿಂಗಳು ಥೈರಾಯ್ಡ್ ಆಪರೇಷನ್ ನಡೆಯುತ್ತಿದ್ದಾಗ ಡ್ರೇಪ್ (ಪೇಷೆಂಟ್ ಮೇಲೆ ಹೊದಿಸುವ ಬಟ್ಟೆ) ಕೆಳಗೆ, ಉಸಿರು ಕೊಡಲು ಹಾಕಿದ್ದ ಟ್ಯೂಬ್ ಜಾರಿ ಶ್ವಾಸನಾಳದಿಂದ ಆಚೆ ಬಂತು. ಮೊದಲು ಕೂಗಿದ್ದು ಕಾರ್ಬನ್ ಡೈಆಕ್ಸೈಡ್ ಅಲಾರಂ. ವೆಂಟಿಲೇಟರಿನ ಲೋ ಪ್ರೆಶರ್ ಅಲಾರಂ ಹೊಡೆಯಲೇ ಇಲ್ಲ. ಅನಸ್ತೇಷಿಯಾ ಡಾಕ್ಟರ್ ಮೇಡಂ ತಕ್ಷಣ ಸರಿಮಾಡಿದರು, ಪೇಷೆಂಟ್‌ಗೆ ಏನೂ ತೊಂದರೆ ಆಗಲಿಲ್ಲ. ಬಯೋಮೆಡಿಕಲ್ ಎಂಜಿನಿಯರ್ ಬಂದು ನೋಡಿ ಮಷೀನ್ ಸರಿಯಾಗಿದೆ ಅಂದರು. ಹಾಗಾದರೆ ಅಲಾರಂ ಯಾಕೆ ಬರಲಿಲ್ಲ? ಇನ್ನೊಂದು ಡೌಟು. ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಗ್ಯಾಸ್ ತುಂಬಿ ಸಣ್ಣ ರಂಧ್ರಗಳಿಂದ ಮಾಡುವ ಆಪರೇಷನ್) ಕೇಸುಗಳಲ್ಲಿ ಹೈ ಪ್ರೆಶರ್ ಅಲಾರಂ ಹೊಡೀತಾನೇ ಇರುತ್ತೆ, ಸೀನಿಯರ್‌ಗಳು ಸೈಲೆಂಟ್ ಒತ್ತುತ್ತಾರೆ. ಅದು ಸರೀನಾ? ಟೆಕ್ನಿಷಿಯನ್ ಆಗಿ ನಾನು ಏನು ನೋಡಬೇಕು?

ಉತ್ತರ: ಮಷೀನ್ ಸರಿಯಾಗಿದೆ ಅಂತ ಎಂಜಿನಿಯರ್ ಹೇಳಿದ್ದು ನಿಜವೇ ಇರಬೇಕು. ಲೋ ಪ್ರೆಶರ್ ಅಲಾರಂ ಒಂದೇ ಒಂದು ವಿಷಯ ನೋಡುತ್ತದೆ. ಕಳೆದ ಸುಮಾರು 15 ಸೆಕೆಂಡಿನಲ್ಲಿ, ತನ್ನ ಸೆನ್ಸರ್ ಇರುವ ಜಾಗದಲ್ಲಿ, ಒತ್ತಡ ನೀವು ಹಾಕಿಟ್ಟ ಗೆರೆಯನ್ನು ಒಮ್ಮೆಯಾದರೂ ದಾಟಿತಾ? ದಾಟಿದ್ದರೆ ಅದು ಸುಮ್ಮನಿರುತ್ತದೆ. ಆ ದಿನ ಟ್ಯೂಬ್ ಆಚೆ ಬಂದಿದ್ದರೂ ಒತ್ತಡ ಗೆರೆ ದಾಟುತ್ತಲೇ ಇತ್ತು ಅಂತ ನನ್ನ ಅನುಮಾನ. ಗಾಳಿ ಶ್ವಾಸಕೋಶಕ್ಕೆ ಹೋಗುತ್ತಿದೆಯೋ ಬಾಯಲ್ಲಿ ಸೋರಿ ಹೋಗುತ್ತಿದೆಯೋ ಅನ್ನುವುದು ಆ ಸೆನ್ಸರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಒಂದು ಕೇಸು ಇಟ್ಟುಕೊಂಡು ನೋಡೋಣ. 60 ಕೆ.ಜಿ. ತೂಕದ ಹೆಂಗಸು, 7 ನಂಬರ್ ಟ್ಯೂಬ್, ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿ) 420 ಮಿ.ಲೀ., ನಿಮಿಷಕ್ಕೆ 12 ಉಸಿರು. ಪೀಕ್ ಪ್ರೆಶರ್ (ಒಂದು ಉಸಿರಿನಲ್ಲಿ ಏರುವ ಗರಿಷ್ಠ ಒತ್ತಡ) 18 ಸೆಂ.ಮೀ. ನೀರು ಅಂತ ಮಾನಿಟರ್ ತೋರಿಸುತ್ತಿದೆ. ಲೋ ಪ್ರೆಶರ್ ಲಿಮಿಟ್ ಮಾತ್ರ 4ರಲ್ಲಿ ಕುಳಿತಿದೆ. ಹಿಂದಿನ ಕೇಸಿನವರು ಬಿಟ್ಟದ್ದೋ, ಮಷೀನ್ ಆನ್ ಮಾಡಿದಾಗ ತಾನಾಗಿ ಬಂದದ್ದೋ, ಯಾರೂ ಮುಟ್ಟಿಲ್ಲ. ಈಗ ಟ್ಯೂಬ್ ಜಾರಿ ಗಂಟಲಿಗೆ ಬಂತು. ವೆಂಟಿಲೇಟರ್ ಮಾತ್ರ 5 ಸೆಕೆಂಡಿಗೊಮ್ಮೆ 420 ಮಿ.ಲೀ. ತಳ್ಳುತ್ತಲೇ ಇದೆ. ಆ ಗಾಳಿ ಮೊದಲು ಫಿಲ್ಟರ್ ದಾಟಬೇಕು, ಆಮೇಲೆ 7 ಮಿ.ಮೀ. ಅಗಲದ ಟ್ಯೂಬಿನ ಉದ್ದಕ್ಕೂ ಹೋಗಬೇಕು. ಒಂದು ಸ್ಟ್ರಾ ಬಾಯಲ್ಲಿಟ್ಟು ಜೋರಾಗಿ ಊದಿ ನೋಡಿ, ಆ ತುದಿ ಖಾಲಿ ಇದ್ದರೂ ಕೆನ್ನೆ ಉಬ್ಬುತ್ತದೆ ಅಲ್ವಾ? ಹಾಗೆ ಟ್ಯೂಬಿನ ಅಡ್ಡಿಯಿಂದಲೇ ಒಂದಷ್ಟು ಒತ್ತಡ ಹುಟ್ಟುತ್ತದೆ. ಟ್ಯೂಬಿನ ತುದಿ ಗಂಟಲಿನ ಗೋಡೆಗೆ ಒತ್ತಿಕೊಂಡಿದ್ದರೆ, ಕಫ್ (ಟ್ಯೂಬಿನ ಸುತ್ತ ಉಬ್ಬಿಸುವ ಚಿಕ್ಕ ಬಲೂನು) ಇನ್ನೂ ಉಬ್ಬಿಕೊಂಡೇ ಇದ್ದರೆ, ಒತ್ತಡ ಇನ್ನೂ ಜಾಸ್ತಿ. 6 ಬಂತು ಅಂತ ಇಟ್ಟುಕೊಳ್ಳಿ. ಗೆರೆ 4ರಲ್ಲಿದೆ. ಆರು ನಾಲ್ಕಕ್ಕಿಂತ ದೊಡ್ಡದು. ಸೆನ್ಸರ್ ಪಾಲಿಗೆ ಉಸಿರು ನಡೆಯುತ್ತಿದೆ, ಕೂಗಲು ಅದಕ್ಕೆ ಕಾರಣವೇ ಇಲ್ಲ.

ಅದೇ ಗೆರೆ 14ರಲ್ಲಿ ಇದ್ದಿದ್ದರೆ? 6 ಅದನ್ನು ಮುಟ್ಟುವುದೇ ಇಲ್ಲ, 15 ಸೆಕೆಂಡಿನಲ್ಲಿ ಅಲಾರಂ ಬರುತ್ತಿತ್ತು. ಲೋ ಪ್ರೆಶರ್ ಲಿಮಿಟ್ ಅನ್ನು ಆ ಪೇಷೆಂಟಿನ ಪೀಕ್ ಪ್ರೆಶರಿಗಿಂತ 3ರಿಂದ 5 ಸೆಂ.ಮೀ. ಮಾತ್ರ ಕೆಳಗಿಡಬೇಕು ಅಂತ ನಾವು ಪಾಠದಲ್ಲಿ ಹೇಳುವುದು ಇದಕ್ಕೇ. ಪೀಕ್ 18 ಇದ್ದರೆ 14. ಪೀಕ್ 25 ಆದರೆ ಲಿಮಿಟ್ಟೂ ಮೇಲೆ ಹೋಗಬೇಕು. ಒಂದು ಸಂಖ್ಯೆಯನ್ನು ಇಡೀ ದಿನದ ಲಿಸ್ಟಿಗೆ ಹಾಕಿಟ್ಟರೆ ಅದು ಯಾವ ಪೇಷೆಂಟಿಗೂ ಸರಿಹೋಗುವುದಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಇಷ್ಟೇ: ಅಲಾರಂ ಎಷ್ಟು ಚುರುಕು ಅನ್ನುವುದು ನೀವು ಗೆರೆ ಎಲ್ಲಿ ಎಳೆದಿರಿ ಅನ್ನುವುದರ ಮೇಲೆ ನಿಂತಿದೆ.

ಪೀಪ್ (ಉಸಿರು ಹೊರಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಇದ್ದಾಗ ಇನ್ನೊಂದು ತೊಡಕು. ಪೀಪ್ 5 ಇಟ್ಟು ಲಿಮಿಟ್ 4 ಇಟ್ಟರೆ, ಒತ್ತಡ ಗೆರೆಯ ಮೇಲೆಯೇ ಕುಳಿತಿರುತ್ತದೆ. ಸರ್ಕ್ಯೂಟಿನಲ್ಲಿ (ಮಷೀನಿನಿಂದ ಟ್ಯೂಬಿನವರೆಗಿನ ಕೊಳವೆಗಳಲ್ಲಿ) ಒತ್ತಡ ಸಿಕ್ಕಿಹಾಕಿಕೊಂಡು ಉಸಿರು ನಿಂತರೂ ಅಲಾರಂ ಮೋಸ ಹೋಗಬಹುದು. ಪುಟ್ಟ ಮಕ್ಕಳ ಕೇಸಿನಲ್ಲಂತೂ ಈ ಅಲಾರಂ ಒಂದನ್ನೇ ನಂಬಲೇಬೇಡಿ. ಮೂರೂವರೆ ನಂಬರ್ ಟ್ಯೂಬಿನ ಅಡ್ಡಿಯೇ ಅಷ್ಟು ಜಾಸ್ತಿ, ಟ್ಯೂಬ್ ಆಚೆ ಬಂದರೂ ಒತ್ತಡ ಅಷ್ಟಾಗಿ ಇಳಿಯುವುದಿಲ್ಲ. ಸರ್ಕ್ಯೂಟ್ ಪೂರ್ತಿ ಕಳಚಿ ವೈ-ಪೀಸ್ (ಎರಡು ಕೊಳವೆಗಳು ಸೇರುವ ವೈ ಆಕಾರದ ತುಂಡು) ದಿಂಬಿಗೋ ಬೆಡ್‌ಶೀಟಿಗೋ ಒತ್ತಿಕೊಂಡರೂ ಇದೇ ಕಥೆ. ಬಟ್ಟೆ ಬಾಯಿ ಮುಚ್ಚುತ್ತದೆ, ಒತ್ತಡ ಏರುತ್ತದೆ, ಅಲಾರಂ ಸುಮ್ಮನಾಗುತ್ತದೆ. ಅಂದ ಹಾಗೆ, ಸರ್ಕ್ಯೂಟ್ ಹೆಚ್ಚಾಗಿ ಕಳಚುವುದು ಟ್ಯೂಬಿನ ಕನೆಕ್ಟರ್ ವೈ-ಪೀಸಿಗೆ ಸೇರುವ ಜಾಗದಲ್ಲೇ. ಥೈರಾಯ್ಡ್, ಇಎನ್‌ಟಿ, ನ್ಯೂರೋ ಕೇಸುಗಳಲ್ಲಿ ಆ ಜಾಗ ಡ್ರೇಪ್ ಕೆಳಗಿರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇಂಥ ಕೇಸುಗಳಲ್ಲೇ ಲಿಮಿಟ್ ಬಿಗಿಯಾಗಿರಬೇಕು.

ಇನ್ನು ಕಾರ್ಬನ್ ಡೈಆಕ್ಸೈಡ್ ಅಲಾರಂ ಯಾಕೆ ಮೊದಲು ಬಂತು ಅಂದರೆ, ಅದು ನೋಡುವುದು ಪೇಷೆಂಟಿನ ದೇಹದಿಂದ ಹೊರಬರುವ ವಸ್ತುವನ್ನು. ಶ್ವಾಸಕೋಶಕ್ಕೆ ಗಾಳಿ ಹೋಗಿ ವಾಪಸ್ ಬಂದರೆ ಮಾತ್ರ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್‌ನಲ್ಲಿ ಅಲೆ ಏಳುತ್ತದೆ. ಟ್ಯೂಬ್ ಗಂಟಲಿಗೆ ಬಂದರೆ ಅಲೆ ಕುಸಿಯುತ್ತದೆ ಅಥವಾ ಪೂರ್ತಿ ಚಪ್ಪಟೆಯಾಗುತ್ತದೆ. ಹೆಚ್ಚಿನ ಮಷೀನ್‌ಗಳಲ್ಲಿ 20ರಿಂದ 30 ಸೆಕೆಂಡು ಅಲೆ ಕಾಣದಿದ್ದರೆ ಆಪ್ನಿಯಾ (ಉಸಿರು ನಿಂತಿದೆ ಅನ್ನುವ) ಅಲಾರಂ ಬರುತ್ತದೆ. ಟ್ಯೂಬ್ ಕಳಚಿದ್ದನ್ನು, ಅನ್ನನಾಳಕ್ಕೆ ಹೋದದ್ದನ್ನು ಹಿಡಿಯಲು ಇದಕ್ಕಿಂತ ನಂಬಿಕಸ್ತ ಮಾನಿಟರ್ ನಮ್ಮ ಬಳಿ ಇಲ್ಲ. ಅಲಾರಂಗೆ 30 ಸೆಕೆಂಡು ಬೇಕಾದರೂ, ಪರದೆ ನೋಡುತ್ತಿರುವ ಕಣ್ಣಿಗೆ ಒಂದೆರಡು ಉಸಿರು ಸಾಕು. ಹಾಗಾಗಿ ಅಲೆಯನ್ನು ಪರದೆಯ ಮೇಲೆ ಎದ್ದು ಕಾಣುವ ಹಾಗೆ ಇಡಿಸಿಕೊಳ್ಳಿ.

ಮೂರನೆಯವನೂ ಇದ್ದಾನೆ, ಹೊರಬಿಟ್ಟ ಉಸಿರಿನ ಪ್ರಮಾಣ ಅಳೆಯುವ ಫ್ಲೋ ಸೆನ್ಸರ್. ಸಾಮಾನ್ಯವಾಗಿ ಇದು ಉಸಿರು ವಾಪಸ್ ಬರುವ ಕೊಳವೆಯ ಕಡೆ ಇರುತ್ತದೆ. 420 ಕಳಿಸಿ 80 ಮಾತ್ರ ವಾಪಸ್ ಬಂದರೆ ಅದು ಹೇಳಬೇಕು. ಆದರೆ ಅದರ ಅಲಾರಂ ನೋಡುವ ಮಿನಿಟ್ ವಾಲ್ಯೂಮ್ ಅಂದರೆ ಒಂದು ನಿಮಿಷದ ಹಲವು ಉಸಿರುಗಳ ಲೆಕ್ಕ. ಒಂದೆರಡು ಉಸಿರು ತಪ್ಪಿದಾಗ ಸಂಖ್ಯೆ ಕೂಡಲೇ ಬೀಳುವುದಿಲ್ಲ, ನಿಧಾನವಾಗಿ ಇಳಿಯುತ್ತದೆ. ಅದರ ಲಿಮಿಟ್ ಕೂಡ 1 ಲೀಟರ್ ಅಂತ ಎಲ್ಲೋ ಪಾತಾಳದಲ್ಲಿದ್ದರೆ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಮಷೀನಿನಲ್ಲಿ ಅವತ್ತು ಅದು ಎಷ್ಟಿತ್ತು ಅಂತ ಕೇಳಿ ನೋಡಿ. ಈಗಿನ ಮಷೀನ್‌ಗಳು ಅಲಾರಂ ದಾಖಲೆಯನ್ನು ಗಂಟೆ ನಿಮಿಷದ ಸಮೇತ ಇಟ್ಟುಕೊಳ್ಳುತ್ತವೆ. ಅದನ್ನು ತೆಗೆಸಿ ಓದಿದರೆ ನಿಮಗೆ ಪುಸ್ತಕಕ್ಕಿಂತ ಜಾಸ್ತಿ ಗೊತ್ತಾಗುತ್ತದೆ.

ಪಲ್ಸ್ ಆಕ್ಸಿಮೀಟರ್ ಅಲಾರಂ ಬರಲಿ, ಆಮೇಲೆ ನೋಡೋಣ ಅಂತ ಯಾರೂ ಕಾಯಬಾರದು. ಚೆನ್ನಾಗಿ ಆಕ್ಸಿಜನ್ ಕೊಟ್ಟಿರುವ ಆರೋಗ್ಯವಂತ ದೊಡ್ಡವರಲ್ಲಿ ಉಸಿರು ನಿಂತ ಮೇಲೆ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡಾ 90ಕ್ಕೆ ಇಳಿಯಲು ಸುಮಾರು 8 ನಿಮಿಷ ಹಿಡಿಯಬಹುದು. ಬರೀ ಗಾಳಿ ಉಸಿರಾಡುತ್ತಿದ್ದವರಲ್ಲಿ ಒಂದು ನಿಮಿಷದ ಆಸುಪಾಸು. ಆಪರೇಷನ್ ನಡುವೆ ಇರುವವರು ಇವೆರಡರ ಮಧ್ಯೆ ಎಲ್ಲೋ ಇರುತ್ತಾರೆ. ಗರ್ಭಿಣಿಯರು, ತುಂಬಾ ದಪ್ಪ ಇರುವವರು, ಪುಟ್ಟ ಮಕ್ಕಳು ಬಹಳ ಬೇಗ ಇಳಿಯುತ್ತಾರೆ. ಆಕ್ಸಿಮೀಟರ್ ಕೂಗುವ ಹೊತ್ತಿಗೆ ಶ್ವಾಸಕೋಶದಲ್ಲಿದ್ದ ಆಕ್ಸಿಜನ್ ಹೆಚ್ಚುಕಮ್ಮಿ ಮುಗಿದಿರುತ್ತದೆ. ಸ್ನಾಯು ಸಡಿಲಿಸುವ ಔಷಧಿ ಕೊಟ್ಟಿರುವ ಪೇಷೆಂಟ್ ತಾನಾಗಿ ಉಸಿರಾಡಲೂ ಆಗುವುದಿಲ್ಲ, ಕೈ ಎತ್ತಿ ಹೇಳಲೂ ಆಗುವುದಿಲ್ಲ. ಅವರ ಪರವಾಗಿ ಮಾತಾಡಲು ಇರುವುದು ಈ ಅಲಾರಂಗಳು ಮತ್ತು ನಾವು.

ಬೆಲ್ಲೋಸ್ (ಗಾಳಿ ತಳ್ಳುವ ತಿದಿ) ಇರುವ ಮಷೀನ್ ಆದರೆ ಅದನ್ನೂ ನೋಡುವ ರೂಢಿ ಮಾಡಿಕೊಳ್ಳಿ. ಉಸಿರು ಹೊರಬಿಡುವಾಗ ಮೇಲಕ್ಕೆ ಏಳುವ ಬೆಲ್ಲೋಸ್ ಇದ್ದರೆ, ಸರ್ಕ್ಯೂಟ್ ಕಳಚಿದಾಗ ಅದು ಮೇಲೇಳದೆ ಕುಸಿದು ಕೂರುತ್ತದೆ, ದೂರದಿಂದಲೇ ಕಾಣುತ್ತದೆ. ಕೆಳಕ್ಕೆ ಜೋತುಬೀಳುವ ಹಳೇ ಬಗೆಯ ಬೆಲ್ಲೋಸ್ ಹಾಗಲ್ಲ. ಕಳಚಿದ್ದರೂ ತನ್ನ ಭಾರಕ್ಕೆ ಕೆಳಗಿಳಿದು, ಹೊರಗಿನ ಗಾಳಿಯನ್ನು ಎಳೆದುಕೊಂಡು, ಎಲ್ಲ ಸರಿಯಿದೆ ಅನ್ನುವ ಹಾಗೆ ಆಡುತ್ತಿರುತ್ತದೆ. ಪಿಸ್ಟನ್ ವೆಂಟಿಲೇಟರಿನಲ್ಲಿ ಕಣ್ಣಿಗೆ ಕಾಣಲು ಬೆಲ್ಲೋಸೇ ಇಲ್ಲ, ಅಲ್ಲಿ ಬ್ಯಾಗ್ ಉಬ್ಬುತ್ತಿದೆಯೋ ಸೊರಗುತ್ತಿದೆಯೋ ನೋಡಬೇಕು. ಒಂದು ಎಚ್ಚರಿಕೆ: ಫ್ರೆಶ್ ಗ್ಯಾಸ್ ಫ್ಲೋ (ಸರ್ಕ್ಯೂಟಿಗೆ ಹೊಸದಾಗಿ ಬಿಡುವ ಗ್ಯಾಸ್) ಜಾಸ್ತಿ ಇಟ್ಟಿದ್ದರೆ ಸಣ್ಣ ಸೋರಿಕೆಯನ್ನು ಅದು ಮುಚ್ಚಿಹಾಕುತ್ತದೆ, ಬೆಲ್ಲೋಸ್ ತುಂಬುತ್ತಲೇ ಇರುತ್ತದೆ.

ಈ ಅಲಾರಂಗಳು ಮೊದಲಿನಿಂದಲೂ ಹೀಗೆ ಇರಲಿಲ್ಲ. ಹಳೇ ವೆಂಟಿಲೇಟರ್‌ಗಳಲ್ಲಿ ಡಿಸ್‌ಕನೆಕ್ಷನ್ ಅಲಾರಂ ಬೇರೆ ಪೆಟ್ಟಿಗೆಯಾಗಿ ಬರುತ್ತಿತ್ತು. ಬೇಕಾದರೆ ಆನ್ ಮಾಡಬಹುದಿತ್ತು, ಮರೆತರೂ ಕೇಳುವವರಿಲ್ಲ. 1986ರಲ್ಲಿ ಅಮೆರಿಕದಲ್ಲಿ ಹಾರ್ವರ್ಡ್‌ನ ಬೋಧನಾ ಆಸ್ಪತ್ರೆಗಳು ಅರಿವಳಿಕೆಯ ಮಾನಿಟರಿಂಗ್‌ಗೆ ಕನಿಷ್ಠ ನಿಯಮಗಳನ್ನು ಪ್ರಕಟಿಸಿದವು. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘವೂ ನಿಯಮ ಮಾಡಿತು. ವೆಂಟಿಲೇಟರ್ ಮೇಲೆ ಪೇಷೆಂಟ್ ಇದ್ದಷ್ಟು ಹೊತ್ತೂ ಸರ್ಕ್ಯೂಟ್ ಕಳಚಿದ್ದನ್ನು ಹಿಡಿಯುವ, ಕಿವಿಗೆ ಕೇಳುವ ಅಲಾರಂ ಇರಲೇಬೇಕು ಅಂತಾಯಿತು. ವೆಂಟಿಲೇಟರ್ ಆನ್ ಆದರೆ ಅಲಾರಂ ತಾನಾಗಿ ಆನ್ ಆಗುವ ಈಗಿನ ವ್ಯವಸ್ಥೆಯ ಹಿಂದೆ ಈ ಯೋಚನೆ ಇದೆ. ಅಲ್ಲಿನ ವಿಮಾ ದಾವೆಗಳನ್ನು ಪರಿಶೀಲಿಸಿ 1997ರಲ್ಲಿ ಬಂದ ಒಂದು ವರದಿ ನಿಮ್ಮಂಥವರು ತಿಳಿದುಕೊಳ್ಳಬೇಕಾದದ್ದು. ಅರಿವಳಿಕೆಯ ಗ್ಯಾಸ್ ಕೊಡುವ ಉಪಕರಣಗಳಿಂದಾದ ಅನಾಹುತಗಳಲ್ಲಿ ಸುಮಾರು ಮುಕ್ಕಾಲು ಪಾಲು ಉಪಕರಣ ಬಳಸಿದ ರೀತಿಯಿಂದ ಆದದ್ದು, ಉಪಕರಣ ಕೆಟ್ಟು ಆದದ್ದು ಕಾಲು ಪಾಲಿನಷ್ಟು. ಎಲ್ಲಕ್ಕಿಂತ ಹೆಚ್ಚು ಬಾರಿ ಕಾಣಿಸಿಕೊಂಡದ್ದು ಉಸಿರಾಟದ ಸರ್ಕ್ಯೂಟ್.

ಈಗ ಲ್ಯಾಪ್ರೋಸ್ಕೋಪಿ ವಿಷಯ. ಹೈ ಪ್ರೆಶರ್ ಅಲಾರಂ ಬರೀ ಶಬ್ದ ಮಾಡಿ ಸುಮ್ಮನಾಗುವುದಿಲ್ಲ. ಲಿಮಿಟ್ 40ರಲ್ಲಿದ್ದು ಒತ್ತಡ 40 ಮುಟ್ಟಿತು ಅಂದರೆ, ವೆಂಟಿಲೇಟರ್ ಆ ಉಸಿರನ್ನು ಅಲ್ಲಿಗೇ ಕತ್ತರಿಸುತ್ತದೆ. ಶ್ವಾಸಕೋಶ ಒಡೆಯಬಾರದು ಅಂತ ಈ ಏರ್ಪಾಡು. ಆದರೆ ಪೂರ್ತಿ 420 ಒಳಗೆ ಹೋಗಿರುವುದಿಲ್ಲ, ಅರ್ಧವೋ ಮುಕ್ಕಾಲೋ ಹೋಗಿರುತ್ತದೆ. ಅದಕ್ಕೆ ಸ್ವಲ್ಪ ಹೊತ್ತಿನಲ್ಲಿ ಲೋ ಮಿನಿಟ್ ವಾಲ್ಯೂಮ್ ಅಲಾರಂ ಕೂಡ ಶುರುವಾಗುತ್ತದೆ. ವಿದ್ಯಾರ್ಥಿಗಳು ಇದನ್ನು ಎರಡು ತೊಂದರೆ ಅಂದುಕೊಳ್ಳುತ್ತಾರೆ. ತೊಂದರೆ ಒಂದೇ, ಎರಡು ಸೆನ್ಸರ್‌ಗಳು ಅದನ್ನು ಎರಡು ಕಡೆಯಿಂದ ಹೇಳುತ್ತಿವೆ. ಇಂಥ ಹೊತ್ತಿನಲ್ಲಿ ಸೈಲೆಂಟ್ ಒತ್ತಿ ಕೂತರೆ, ಪ್ರತಿ ಉಸಿರೂ ಅರ್ಧಕ್ಕೇ ನಿಲ್ಲುತ್ತಿರುತ್ತದೆ ಅನ್ನುವುದನ್ನು ಮರೆಯಬಾರದು.

ಹೊಟ್ಟೆಗೆ 12ರಿಂದ 15 ಮಿ.ಮೀ. ಪಾದರಸದ ಒತ್ತಡದಲ್ಲಿ ಗ್ಯಾಸ್ ತುಂಬಿದಾಗ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಮೇಲಕ್ಕೆ ತಳ್ಳಲ್ಪಡುತ್ತದೆ, ಶ್ವಾಸಕೋಶ ಹಿಗ್ಗಲು ಜಾಗ ಕಡಿಮೆ. ಮೊದಲು 18 ಇದ್ದ ಪೀಕ್ ಪ್ರೆಶರ್ 26, 28 ಆಗುವುದು ಸಹಜ. ಹಾಗಾಗಿ ನಿಮ್ಮ ಸೀನಿಯರ್‌ಗಳು ಕಾರಣ ಗೊತ್ತಿದ್ದು ಒತ್ತಿರಬಹುದು. ಸಮಸ್ಯೆ ಏನೆಂದರೆ, ಅದೇ ಹೊತ್ತಿನಲ್ಲಿ ಬೇರೆ ಕಾರಣಗಳೂ ಸೇರಿಕೊಳ್ಳುತ್ತವೆ. ವಪೆ ಮೇಲೆ ಬಂದಾಗ ಶ್ವಾಸನಾಳ ಕವಲೊಡೆಯುವ ಜಾಗವೂ ಮೇಲೆ ಬರುತ್ತದೆ. ತಲೆ ತಗ್ಗಿಸಿ ಮಲಗಿಸಿದರೆ ಇನ್ನೂ ಸ್ವಲ್ಪ. ಟ್ಯೂಬ್ ಅಲ್ಲಾಡದೆಯೇ ಅದರ ತುದಿ ಬಲಗಡೆಯ ಶ್ವಾಸನಾಳಕ್ಕೆ ಹೋಗಿ ಕೂರಬಹುದು. ಆಗ ಎರಡೂ ಕಡೆಗೆ ಹೋಗಬೇಕಾದ ಗಾಳಿ ಒಂದೇ ಕಡೆಗೆ ಹೋಗಿ ಒತ್ತಡ ಏರುತ್ತದೆ. ಗ್ಯಾಸ್ ಹಾಕಿದ್ದಾರೆ, ಪ್ರೆಶರ್ ಏರುವುದೇ ಅಂದುಕೊಂಡು ಬಿಟ್ಟರೆ ಇದು ಕೈತಪ್ಪುತ್ತದೆ. ಗ್ಯಾಸ್ ತುಂಬಿದ ಮೇಲೆ ತುಟಿಯ ಹತ್ತಿರ ಟ್ಯೂಬಿನ ಗುರುತು ನೋಡಿ. ಸಾಮಾನ್ಯವಾಗಿ ಹೆಂಗಸರಲ್ಲಿ 21, ಗಂಡಸರಲ್ಲಿ 23 ಸೆಂ.ಮೀ. ಆಸುಪಾಸು ಇರುತ್ತದೆ. ಎದೆಯ ಎರಡೂ ಕಡೆ ಸ್ಟೆತ್ ಇಟ್ಟು ಕೇಳಲು ಡಾಕ್ಟರಿಗೆ ನೆನಪಿಸಿ.

ಪೀಕ್ ಜೊತೆಗೆ ಪ್ಲೇಟೋ ಪ್ರೆಶರ್ ನೋಡಿದರೆ ಕಾರಣ ಹುಡುಕುವುದು ಅರ್ಧ ಸುಲಭ. ಉಸಿರು ತುಂಬಿ ಒಂದು ಕ್ಷಣ ನಿಂತಾಗ ಇರುವ ಒತ್ತಡ ಅದು. ಪೀಕ್ ಏರಿ ಪ್ಲೇಟೋ ಹಾಗೇ ಇದ್ದರೆ ಗಾಳಿಯ ದಾರಿಯಲ್ಲಿ ಅಡ್ಡಿ ಅಂತ ಅರ್ಥ. ಟ್ಯೂಬ್ ಮಡಚಿದೆ, ಕಫ ಕಟ್ಟಿದೆ, ಪೇಷೆಂಟ್ ಟ್ಯೂಬ್ ಕಚ್ಚುತ್ತಿದ್ದಾರೆ, ಅಥವಾ ಬ್ರಾಂಕೋಸ್ಪಾಸಂ (ಶ್ವಾಸನಾಳಗಳು ಬಿಗಿದುಕೊಳ್ಳುವುದು). ಎರಡೂ ಏರಿದ್ದರೆ ಶ್ವಾಸಕೋಶವೋ ಎದೆಯೋ ಹಿಗ್ಗುತ್ತಿಲ್ಲ. ಹೊಟ್ಟೆಯ ಗ್ಯಾಸ್, ಟ್ಯೂಬ್ ಒಂದೇ ಕಡೆ ಹೋಗಿರುವುದು, ಸ್ನಾಯು ಬಿಗಿಯಾಗಿರುವುದು, ನ್ಯೂಮೋಥೊರಾಕ್ಸ್ (ಎದೆಯೊಳಗೆ ಶ್ವಾಸಕೋಶದ ಹೊರಗೆ ಗಾಳಿ ತುಂಬುವುದು). ಕ್ಯಾಪ್ನೋಗ್ರಾಫ್ ಅಲೆಯ ಮುಂಭಾಗ ಏಣಿ ಏರಿದಂತೆ ಓರೆಯಾಗಿದ್ದರೆ ಬ್ರಾಂಕೋಸ್ಪಾಸಂ ಅಥವಾ ಮಡಚಿದ ಟ್ಯೂಬ್ ಕಡೆ ಗಮನ ಹೋಗಬೇಕು. ಕಾರಣ ಸಿಕ್ಕಿ, ಅದು ಹೊಟ್ಟೆಯ ಗ್ಯಾಸೇ ಅಂತ ಖಾತ್ರಿಯಾದರೆ, ಡಾಕ್ಟರ್ ಸೆಟ್ಟಿಂಗ್ ಬದಲಿಸುತ್ತಾರೆ ಅಥವಾ ಲಿಮಿಟ್ಟನ್ನು ಬೇಕಾದಷ್ಟು ಮಾತ್ರ ಏರಿಸುತ್ತಾರೆ. ಗ್ಯಾಸ್ ತೆಗೆದ ಮೇಲೆ ಅದನ್ನು ವಾಪಸ್ ಇಳಿಸಬೇಕು. ಇದನ್ನು ನೆನಪಿಸುವವರು ಬೇಕು, ಅದು ನೀವಾಗಿ.

ಇಲ್ಲಿಯವರೆಗೆ ಹೇಳಿದ್ದು, ಪ್ರತಿ ಉಸಿರಿಗೂ ಇಷ್ಟೇ ಗಾಳಿ ಅಂತ ತಳ್ಳುವ ವಾಲ್ಯೂಮ್ ಮೋಡಿನ ವಿಷಯ. ಪ್ರೆಶರ್ ಕಂಟ್ರೋಲ್ ಮೋಡಿನಲ್ಲಿ ಕಥೆ ತಿರುಗುತ್ತದೆ. ಅಲ್ಲಿ ಮಷೀನ್ ಒತ್ತಡವನ್ನು 20ಕ್ಕೆ ಹಿಡಿದಿಟ್ಟಿರುತ್ತದೆ. ಟ್ಯೂಬ್ ಮಡಚಿದರೂ ಒತ್ತಡ ಏರುವುದಿಲ್ಲ, ಹೈ ಪ್ರೆಶರ್ ಅಲಾರಂ ಬರುವುದೇ ಇಲ್ಲ. ಬದಲಿಗೆ ಒಳಗೆ ಹೋಗುವ ಗಾಳಿ 420ರಿಂದ 150ಕ್ಕೆ ಇಳಿಯುತ್ತದೆ. ಆ ಮೋಡಿನಲ್ಲಿ ನಿಮ್ಮನ್ನು ಎಚ್ಚರಿಸುವುದು ವಾಲ್ಯೂಮ್ ಅಲಾರಂ ಮಾತ್ರ. ವಾಲ್ಯೂಮ್ ಮೋಡಿನಲ್ಲಿ ತೊಂದರೆ ಒತ್ತಡದಲ್ಲಿ ಕಾಣುತ್ತದೆ, ಪ್ರೆಶರ್ ಮೋಡಿನಲ್ಲಿ ವಾಲ್ಯೂಮಿನಲ್ಲಿ ಕಾಣುತ್ತದೆ. ಮೋಡ್ ಬದಲಾದಾಗ ಅಲಾರಂ ಲಿಮಿಟ್‌ಗಳನ್ನು ಮತ್ತೆ ನೋಡದೆ ಬಿಡುವ ಅಭ್ಯಾಸ ಬಹಳ ಕಡೆ ಇದೆ. ಇದು ನನಗೆ ನಿಜಕ್ಕೂ ಕಳವಳ ತರುವ ವಿಷಯ.

ಒತ್ತಡಕ್ಕೆ ಸಂಬಂಧಿಸಿದ ಇನ್ನೆರಡು ಅಲಾರಂಗಳಿವೆ, ಅಪರೂಪಕ್ಕೆ ಬರುತ್ತವೆ. ಒತ್ತಡ ಇಳಿಯದೆ 10ರಿಂದ 15 ಸೆಕೆಂಡು ಮೇಲೇ ನಿಂತರೆ ಬರುವುದು ಒಂದು. ಉಸಿರು ಹೊರಬರುವ ದಾರಿ ಎಲ್ಲೋ ಮುಚ್ಚಿದೆ ಅಂತ ಅರ್ಥ: ವಾಲ್ವ್ ಅಂಟಿಕೊಂಡಿದೆ, ಕೊಳವೆಯ ಮೇಲೆ ಟ್ರಾಲಿಯ ಗಾಲಿ ಕೂತಿದೆ, ಅಥವಾ ಸ್ಕ್ಯಾವೆಂಜಿಂಗ್ (ಬಳಸಿದ ಗ್ಯಾಸ್ ಹೊರಗೆ ಸಾಗಿಸುವ) ಕೊಳವೆ ಬ್ಲಾಕ್ ಆಗಿದೆ. ಇದು ಬಂದರೆ ತಡಮಾಡುವ ಹಾಗೇ ಇಲ್ಲ. ಟ್ಯೂಬಿನಿಂದ ಸರ್ಕ್ಯೂಟ್ ಬಿಡಿಸಿ ಅಂಬು ಬ್ಯಾಗ್ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ) ಹಾಕಬೇಕು. ಇನ್ನೊಂದು, ಒತ್ತಡ ಸೊನ್ನೆಗಿಂತ ಕೆಳಗೆ, ಮೈನಸ್ 10ರ ಆಸುಪಾಸಿಗೆ ಹೋದಾಗ ಬರುವುದು. ಸಕ್ಷನ್ ಪೈಪ್ ಟ್ಯೂಬಿನೊಳಗೆ ಇದ್ದಾಗಲೋ, ಪೇಷೆಂಟ್ ತಾವೇ ಉಸಿರೆಳೆಯುತ್ತಿದ್ದಾಗಲೋ ಬರುತ್ತದೆ.

ಆಕ್ಸಿಜನ್ ಅಲಾರಂಗಳು ಎರಡು ಬಗೆ, ಅವನ್ನು ಕಲಸಿಕೊಳ್ಳಬೇಡಿ. ಸಪ್ಲೈ ಒತ್ತಡ ಬಿದ್ದಾಗ ಬರುವ ಸೀಟಿ ಒಂದು. 1960ರ ದಶಕದಲ್ಲಿ ನ್ಯೂಜಿಲೆಂಡಿನ ಡಾ. ರಿಚಿ ಮಾಡಿದ ಸೀಟಿಯ ತತ್ವ ಇದರ ಬುಡ. ಅದಕ್ಕೂ ಮುಂಚೆ ಬಳಕೆಯಲ್ಲಿದ್ದ ಒಂದು ಅಲಾರಂಗೆ ಬ್ಯಾಟರಿ ಮತ್ತು ನೈಟ್ರಸ್ ಆಕ್ಸೈಡ್ ಬೇಕಿತ್ತು. ಬ್ಯಾಟರಿ ಸತ್ತಿದ್ದರೆ, ನೈಟ್ರಸ್ ಮುಚ್ಚಿದ್ದರೆ ಅದು ಬಾಯಿ ಬಿಡುತ್ತಿರಲಿಲ್ಲ. ರಿಚಿ ಸೀಟಿ ಊದುವುದು ಇಳಿಯುತ್ತಿರುವ ಆಕ್ಸಿಜನ್ನಿನಿಂದಲೇ. ಸಪ್ಲೈ ಒತ್ತಡ ಸುಮಾರು 200 ಕಿಲೋಪಾಸ್ಕಲ್‌ಗೆ ಇಳಿದಾಗ ಶುರುವಾಗಬೇಕು, ಕನಿಷ್ಠ 7 ಸೆಕೆಂಡು ಕೇಳಬೇಕು, ಒಂದು ಮೀಟರ್ ದೂರದಲ್ಲಿ ಕನಿಷ್ಠ 60 ಡೆಸಿಬೆಲ್ ಇರಬೇಕು ಅನ್ನುವುದು ಮಾನದಂಡ. ಕರೆಂಟ್ ಬೇಕಿಲ್ಲ. ಒತ್ತಡ ವಾಪಸ್ ಬರುವವರೆಗೆ ಅದನ್ನು ಯಾರೂ ಸೈಲೆಂಟ್ ಮಾಡಲಾಗದು. ನನ್ನ ಕಣ್ಣಿಗೆ ಅಲಾರಂ ಅಂದರೆ ಹೀಗಿರಬೇಕು.

ಆದರೆ ಈ ಸೀಟಿಗೆ ಒತ್ತಡ ಮಾತ್ರ ಗೊತ್ತು, ಪೈಪಿನಲ್ಲಿ ಬರುತ್ತಿರುವುದು ಯಾವ ಗ್ಯಾಸ್ ಅಂತ ಗೊತ್ತಿಲ್ಲ. ರಿಪೇರಿ ವೇಳೆ ಪೈಪ್‌ಲೈನ್ ಅದಲುಬದಲಾಗಿ ಆಕ್ಸಿಜನ್ ಪೈಪಿನಲ್ಲಿ ಬೇರೆ ಗ್ಯಾಸ್ ಬಂದರೆ ಸೀಟಿ ಊದುವುದಿಲ್ಲ. ಅದನ್ನು ಮಷೀನಿನಲ್ಲೇ ಹಿಡಿಯುವುದು ಸರ್ಕ್ಯೂಟಿನಲ್ಲಿರುವ ಆಕ್ಸಿಜನ್ ಅನಲೈಸರ್ ಒಂದೇ. ಪೇಷೆಂಟ್ ಎಳೆದುಕೊಳ್ಳುವ ಆಕ್ಸಿಜನ್ ಲಿಮಿಟ್ಟಿಗಿಂತ ಕಡಿಮೆಯಾದರೆ ಕೂಗುತ್ತದೆ, ಆ ಲಿಮಿಟ್ಟನ್ನು ಶೇಕಡಾ 18ಕ್ಕಿಂತ ಕೆಳಗೆ ಇಳಿಸಲು ಮಷೀನ್ ಬಿಡುವುದಿಲ್ಲ. ಸೆಲ್ ಬಗೆಯ ಸೆನ್ಸರ್ ಇದ್ದರೆ ದಿನಾ ಬೆಳಿಗ್ಗೆ ಹೊರಗಿನ ಗಾಳಿಯಲ್ಲಿ 21 ತೋರಿಸುತ್ತದಾ ನೋಡಬೇಕು. ಆ ಸೆಲ್‌ಗೆ ಆಯಸ್ಸು ಇದೆ, ಮುಗಿದರೆ ಬದಲಿಸಬೇಕು. ಸೆಲ್ ಇಲ್ಲದೆ ಅಲಾರಂ ಆಫ್ ಮಾಡಿ ಕೇಸು ನಡೆಸುವುದು ಬೇಡ, ಯಾರು ಹೇಳಿದರೂ ಬೇಡ. ಪೈಪ್‌ಲೈನ್ ಮೇಲೆ ಅನುಮಾನ ಬಂದರೆ ಸಿಲಿಂಡರ್ ತೆರೆಯುವುದು ಮಾತ್ರ ಸಾಲದು, ಪೈಪನ್ನು ಗೋಡೆಯಿಂದ ಕಳಚಲೂ ಬೇಕು. ಪೈಪಿನ ಒತ್ತಡ ಸಿಲಿಂಡರಿನಿಂದ ಇಳಿಸಿ ಕೊಡುವ ಒತ್ತಡಕ್ಕಿಂತ ಜಾಸ್ತಿ ಇರುತ್ತದೆ. ಪೈಪ್ ಚುಚ್ಚಿಕೊಂಡೇ ಇದ್ದರೆ ಮಷೀನ್ ಅದೇ ಕೆಟ್ಟ ಗ್ಯಾಸನ್ನೇ ಎಳೆಯುತ್ತದೆ.

ಬಣ್ಣ, ಶಬ್ದಗಳಿಗೆ ಐಇಸಿ 60601-1-8 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಮಿನುಗುವ ಕೆಂಪು ಅಂದರೆ ಈಗಲೇ ಕೈಹಾಕಿ. ಅದರ ಶಬ್ದ ಮೂರು ಬೀಪ್, ಎರಡು ಬೀಪ್, ಮತ್ತೆ ಮೂರು, ಮತ್ತೆ ಎರಡು, ಒಟ್ಟು 10. ನಿಧಾನವಾಗಿ ಮಿನುಗುವ ಹಳದಿ ಅಂದರೆ ಬೇಗ ನೋಡಿ, ಶಬ್ದ ಮೂರು ಬೀಪ್. ಮಿನುಗದ ಹಳದಿ ಅಥವಾ ತಿಳಿನೀಲಿ ಬರೀ ತಿಳಿವಳಿಕೆಗೆ. ಕಣ್ಣು ಬೇರೆ ಕಡೆ ಇದ್ದರೂ ಬೀಪ್ ಎಣಿಸಿ ಹೇಳುವ ಅಭ್ಯಾಸ ಮಾಡಿಕೊಳ್ಳಿ, ತುಂಬಾ ಉಪಯೋಗಕ್ಕೆ ಬರುತ್ತದೆ.

ಸೈಲೆಂಟ್ ಬಟನ್ ಬಗ್ಗೆ ಕೇಳಿದಿರಿ. ಒತ್ತುವುದು ತಪ್ಪಲ್ಲ. ಶಬ್ದದ ನಡುವೆ ಯೋಚನೆ ಮಾಡಲಾಗುವುದಿಲ್ಲ, ಅದಕ್ಕೇ ಆ ಬಟನ್ ಇಟ್ಟಿದ್ದಾರೆ. ಸಾಮಾನ್ಯವಾಗಿ 2 ನಿಮಿಷ ಶಬ್ದ ನಿಲ್ಲುತ್ತದೆ, ಕೆಂಪು ದೀಪ ಮಿನುಗುತ್ತಲೇ ಇರುತ್ತದೆ. ಆ 2 ನಿಮಿಷ ಕಾರಣ ಹುಡುಕಲು ಇರುವ ಸಮಯ. ಕಾರಣ ಹುಡುಕದೆ ಮತ್ತೆ ಮತ್ತೆ ಒತ್ತುವುದು ತಪ್ಪು. ಬೇಡದ ಅಲಾರಂ ದಿನಾ ಹೊಡೆದರೆ ಮನುಷ್ಯರ ಕಿವಿ ಮಂದವಾಗುತ್ತದೆ. ಅದು ಸೋಮಾರಿತನ ಅಂತ ಬೈದರೆ ಸರಿಹೋಗುವುದಿಲ್ಲ. ಬೇಡದ ಅಲಾರಂ ಕಡಿಮೆ ಮಾಡಿದರೆ ಬೇಕಾದದ್ದು ಕೇಳುತ್ತದೆ, ಮತ್ತು ಅದು ಆಗುವುದು ಲಿಮಿಟ್‌ಗಳನ್ನು ಆ ಪೇಷೆಂಟಿಗೆ ಹೊಂದಿಸಿದಾಗ. ಕೆಲವು ಮಷೀನ್‌ಗಳಲ್ಲಿ ಆಟೋ ಲಿಮಿಟ್ ಅಂತ ಬಟನ್ ಇದೆ, ಆಗಿನ ಸಂಖ್ಯೆಗಳ ಸುತ್ತ ತಾನೇ ಗೆರೆ ಎಳೆಯುತ್ತದೆ. ಒಳ್ಳೆಯದೇ. ಆದರೆ ಟ್ಯೂಬ್ ಬಲಗಡೆಗೆ ಹೋಗಿ ಕೂತಿರುವಾಗ ಒತ್ತಿದರೆ, ಆ ಕೆಟ್ಟ ಸ್ಥಿತಿಯೇ ಸರಿ ಅಂತ ಮಷೀನ್ ಒಪ್ಪಿಕೊಂಡುಬಿಡುತ್ತದೆ. ಎಲ್ಲ ಸರಿ ಇದೆ ಅಂತ ಡಾಕ್ಟರ್ ನೋಡಿದ ಮೇಲೆ ಒತ್ತಬೇಕು.

ಇನ್ನೊಂದು ಅಪಾಯದ ಹೊತ್ತು, ಉಸಿರನ್ನು ನಾವೇ ನಿಲ್ಲಿಸಿದಾಗ. ಎಕ್ಸ್‌ರೇ ತೆಗೆಯಲು ಎದೆ ಅಲ್ಲಾಡಬಾರದು ಅಂತ ವೆಂಟಿಲೇಟರ್ ನಿಲ್ಲಿಸುತ್ತಾರೆ. ಹೃದಯದ ಆಪರೇಷನ್‌ನಲ್ಲಿ ಹಾರ್ಟ್-ಲಂಗ್ ಮಷೀನಿನ ಮೇಲಿದ್ದಾಗ ಬೈಪಾಸ್ ಮೋಡಿಗೆ ಹಾಕುತ್ತಾರೆ, ಆಗ ಹಲವು ಅಲಾರಂಗಳು ಮಲಗುತ್ತವೆ. ಸ್ಟ್ಯಾಂಡ್‌ಬೈನಲ್ಲೂ ಹಾಗೇ. ವಾಪಸ್ ಶುರುಮಾಡುವುದನ್ನು ಮರೆತರೆ ಹೇಳುವವರು ಯಾರೂ ಇಲ್ಲ. ಇಂಥ ಕಡೆ ವೆಂಟಿಲೇಟರ್ ಆಫ್ ಅಂತ ಜೋರಾಗಿ ಹೇಳಿ, ಶುರುವಾಗುವವರೆಗೆ ಅಲ್ಲಿಂದ ಕದಲಬೇಡಿ. ಬ್ಯಾಗ್‌ಗೆ (ಕೈಯಿಂದ ಉಸಿರು ಕೊಡುವುದಕ್ಕೆ) ತಿರುಗಿಸಿದಾಗಲೂ ಕೆಲವು ಮಷೀನ್‌ಗಳಲ್ಲಿ ಕೆಲವು ಅಲಾರಂ ಆಫ್ ಆಗುತ್ತವೆ, ನಿಮ್ಮ ಮಷೀನಿನಲ್ಲಿ ಯಾವುವು ಅಂತ ಮ್ಯಾನುಯಲ್ ನೋಡಿ ತಿಳಿದುಕೊಳ್ಳಿ. ಕರೆಂಟ್ ಹೋದರೆ ಬ್ಯಾಟರಿಗೆ ಬದಲಾದ ಸೂಚನೆ ಬರುತ್ತದೆ. ಚೆನ್ನಾಗಿ ಚಾರ್ಜ್ ಆಗಿದ್ದರೆ ಅರ್ಧ ಗಂಟೆಯಾದರೂ ನಡೆಯಬೇಕು. ಜನರೇಟರ್ ಇದೆಯಲ್ಲಾ ಅಂತ ಆ ಸೂಚನೆಯನ್ನು ಅಸಡ್ಡೆ ಮಾಡಬೇಡಿ. ಪ್ಲಗ್ ಸಡಿಲವಾಗಿ ನಿಮ್ಮ ಮಷೀನ್ ಒಂದೇ ಬ್ಯಾಟರಿಯಲ್ಲಿ ಓಡುತ್ತಿರಬಹುದು.

ಟೆಕ್ನಿಷಿಯನ್ ಆಗಿ ನೀವು ಮಾಡಬೇಕಾದದ್ದು ಏನು ಅಂದರೆ, ಅಲಾರಂ ಬಂದಾಗ ಮೊದಲು ಪೇಷೆಂಟ್ ನೋಡಿ. ಎದೆ ಏರುತ್ತಿದೆಯಾ, ಅಲೆ ಇದೆಯಾ. ಆಮೇಲೆ ಟ್ಯೂಬಿನಿಂದ ಶುರುಮಾಡಿ ಕೈಯಲ್ಲಿ ಮುಟ್ಟುತ್ತಾ ಮಷೀನ್ ತನಕ ಬನ್ನಿ. ಕಂಡದ್ದನ್ನು ಸಂಖ್ಯೆಯ ಸಮೇತ ಹೇಳಿ: ಮೇಡಂ, ಪೀಕ್ 18 ಇತ್ತು, ಈಗ 6, ಅಲೆ ಕಾಣ್ತಿಲ್ಲ. ಅಲಾರಂ ಹೊಡೀತಿದೆ ಅನ್ನುವುದಕ್ಕಿಂತ ಇದು ಎಷ್ಟೋ ಬೇಗ ಅರ್ಥವಾಗುತ್ತದೆ. ಕಾರಣ ತಕ್ಷಣ ಸಿಗದಿದ್ದರೆ ಅಂಬು ಬ್ಯಾಗ್ ಕೈಗೆ ಕೊಡಿ. ಅದು ಮಷೀನಿಗೆ ನೇತುಹಾಕಿ, ತೆಗೆದು ಪರೀಕ್ಷೆ ಮಾಡಿ ಸಿದ್ಧವಾಗಿರಬೇಕು. ಲಿಮಿಟ್ ಬದಲಿಸುವ ನಿರ್ಧಾರ ಡಾಕ್ಟರದು, ಬದಲಿಸಿ ಅಂತ ಕೇಳುವುದು ನಿಮ್ಮ ಹಕ್ಕು.

ನಾಳೆ ಬೆಳಿಗ್ಗೆ ಮೊದಲ ಕೇಸಿಗೆ ಮುಂಚೆ ಹೀಗೊಂದು ಮಾಡಿ ನೋಡಿ. ವೈ-ಪೀಸಿಗೆ ಟೆಸ್ಟ್ ಲಂಗ್ (ಪರೀಕ್ಷೆಗೆ ಬಳಸುವ ಕೃತಕ ಶ್ವಾಸಕೋಶ) ಸಿಕ್ಕಿಸಿ ವೆಂಟಿಲೇಟರ್ ಓಡಿಸಿ, ಪೀಕ್ ಎಷ್ಟು ಬರುತ್ತದೆ ಬರೆದುಕೊಳ್ಳಿ. ಲೋ ಪ್ರೆಶರ್ ಲಿಮಿಟ್ 4ಕ್ಕೆ ಇಟ್ಟು, ಟೆಸ್ಟ್ ಲಂಗ್ ತೆಗೆದು, ಅದರ ಜಾಗಕ್ಕೆ ಒಂದು ಫಿಲ್ಟರ್ ಮತ್ತು ತೆರೆದ ತುದಿಯ 5 ನಂಬರ್ ಟ್ಯೂಬ್ ಹಾಕಿ. ಅಲಾರಂ ಬಂತಾ, ಎಷ್ಟು ಸೆಕೆಂಡಿಗೆ ಬಂತು, ಯಾವ ಅಲಾರಂ ಮೊದಲು ಬಂತು ನೋಡಿ. ಆಮೇಲೆ ಲಿಮಿಟ್ಟನ್ನು ಮೊದಲಿನ ಪೀಕಿಗಿಂತ 4 ಕೆಳಗೆ ಇಟ್ಟು ಅದನ್ನೇ ಮತ್ತೆ ಮಾಡಿ. ನಿಮ್ಮ ಬ್ಯಾಚಿನವರನ್ನೂ ಕರೆದು ತೋರಿಸಿ. ಮುಗಿದ ಮೇಲೆ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡಿ, ಲೀಕ್ ಟೆಸ್ಟ್ ಇನ್ನೊಮ್ಮೆ ಮಾಡಿ ಮಷೀನ್ ಬಿಟ್ಟುಕೊಡಿ. ಏನು ಸಂಖ್ಯೆ ಬಂತು ಅಂತ ನನಗೂ ಬರೆಯಿರಿ.